ತಿಪಟೂರು ಕೊಬ್ಬರಿಯ ಆನ್‌ಲೈನ್ ಅಂಗಡಿಗೆ ಇನ್‌ಸ್ಟಾಗ್ರಾಮ್ ಫಾಲೋವರ್‌ಗಳನ್ನು ಹಣ ಕೊಟ್ಟು ಕೊಳ್ಳಬಹುದೇ?

ಬೇಡ, ಹಾಗೆ ಕೊಂಡರೆ ಸಂಖ್ಯೆ ಏರುತ್ತದೆಯೇ ಹೊರತು ವ್ಯಾಪಾರವಲ್ಲ. ನೋಡುಗರು ವಿಡಿಯೊವನ್ನು ಎಷ್ಟು ಹೊತ್ತು ನೋಡುತ್ತಾರೆ, ಮೆಚ್ಚುತ್ತಾರೆಯೇ, ಪರಿಚಿತರಿಗೆ ಕಳುಹಿಸುತ್ತಾರೆಯೇ ಎಂಬುದನ್ನು ಗಮನಿಸಿಯೇ ಇನ್‌ಸ್ಟಾಗ್ರಾಮ್ ಅದನ್ನು ಇನ್ನಷ್ಟು ಜನರ ಮುಂದಿಡುತ್ತದೆ. ನಕಲಿ ಖಾತೆಗಳು ಇದಾವುದನ್ನೂ ಮನಸ್ಸಿಟ್ಟು ಮಾಡುವುದಿಲ್ಲವಾದ್ದರಿಂದ ನಿಮ್ಮ ಪೋಸ್ಟ್ ಅಲ್ಲಿಗೇ ನಿಲ್ಲುತ್ತದೆ. ಮೇಲಾಗಿ, ಅಂಥ ಖಾತೆಗಳನ್ನು ಕಂಪನಿಯೇ ಆಗಾಗ ಅಳಿಸಿಹಾಕುತ್ತದೆ.

ಅದರ ಬದಲು, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದಾಗ ಒಳಗೆ ಗಿಟುಕು ಲೊಡಲೊಡ ಎನ್ನುವುದನ್ನೂ, ಸುಲಿದು ಚಿಪ್ಪು ಒಡೆದಾಗ ಉಂಡೆ ಕೊಬ್ಬರಿ ಇಡಿಯಾಗಿ ಹೊರಬರುವುದನ್ನೂ ಚಿತ್ರೀಕರಿಸಿ ಹಾಕಿ. ಪ್ಯಾಕೆಟ್ಟಿನ ಚಿತ್ರಕ್ಕಿಂತ ಇದೇ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಪೇಟೆಯ ಗ್ರಾಹಕರಲ್ಲಿ ಹಲವರು ಇದನ್ನು ಕಂಡೇ ಇರುವುದಿಲ್ಲ. ಬೆಲೆ ಕೇಳಿದವರಿಗೆ "ಇನ್‌ಬಾಕ್ಸ್ ನೋಡಿ" ಎನ್ನದೆ, ಕಿಲೋ ದರವನ್ನೂ ಕೊರಿಯರ್ ವೆಚ್ಚವನ್ನೂ ಕಾಮೆಂಟಿನಲ್ಲಿಯೇ ಬರೆಯಿರಿ.