ಕರೆಂಟು ಕಷ್ಟ ಸುಖ: ಅಳಿಯನ ಮನೆ ಥರ್ಮೋಸ್ಟಾಟು

ಈ ಸಲ ಬಂದ ಪತ್ರಗಳೆಲ್ಲ ಚಳಿ, ಬಿಸಿನೀರು, ಹೀಟರ್ ಅಂತಲೇ. ಮೊದಲನೇದು ದೂರದಿಂದ ಬಂದಿದ್ದು, ಅದಕ್ಕೆ ಜಾಸ್ತಿ ಜಾಗ ಹೋಗಿದೆ, ಉಳಿದವ್ರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದೆ. ಸದ್ಯ ನಾನೂ ನಮ್ಮನೆಯವ್ರೂ ಅಮೆರಿಕದ ಮಿನೆಸೋಟದಲ್ಲಿ ಮಗಳ ಮನೇಲಿದೀವಿ. ಹೊರಗೆ ಕಾಲಿಡೋ ಹಾಗಿಲ್ಲ, ಅಷ್ಟು ಹಿಮ. ಹಾಲ್ ಗೋಡೆ ಮೇಲೆ ದುಂಡಗಿರೋ ಹಳೇ ಥರ್ಮೋಸ್ಟಾಟ್ ಇದೆ (ಮನೆ ಬಿಸಿ ಹತೋಟೀಲಿಡೋದು), ಅಳಿಯ ಅದರ ಬದಲಿಗೆ ಪ್ರೋಗ್ರಾಮ್ ಮಾಡೋ ಹೊಸದೊಂದು ತಂದು ಎರಡು ತಿಂಗಳಾಯ್ತು, ಪಾಪ ಡಬ್ಬಿ ಒಡೆಯೋಕೂ ಪುರಸೊತ್ತಿಲ್ಲ. ನಾನೇ ಕೂರಿಸೋಣ ಅಂತ ಹಳೇದರ ಮುಚ್ಚಳ ತೆಗೆದು ನೋಡಿದ್ರೆ ನಾಲ್ಕು ಬಣ್ಣದ ಸಣ್ಣ ಸಣ್ಣ ವೈರು. ಫೇಸ್ ಯಾವ್ದು ನ್ಯೂಟ್ರಲ್ ಯಾವ್ದು ಗೊತ್ತಾಗ್ಲಿಲ್ಲ, ಹಾಗೇ ಮುಚ್ಚಿಟ್ಟೆ. ಕೈ ಹಾಕ್ಬಹುದಾ?

ಉತ್ತರ: ಹಾಕ್ಬಹುದು ಮೇಷ್ಟ್ರೇ, ಅಳಿಯಂದ್ರಿಗೆ ಒಂದು ಮಾತು ಹೇಳಿ ಹಾಕಿ. ಅಲ್ಲಿ ಫೇಸ್ ನ್ಯೂಟ್ರಲ್ ಹುಡುಕೋ ಕೆಲ್ಸವೇ ಇಲ್ಲ. ಮನೆ ಬಿಸಿ ಮಾಡೋ ಫರ್ನೇಸು ಕೆಳಗೆ ಬೇಸ್‌ಮೆಂಟಲ್ಲಿ ಇರುತ್ತೆ, ಸಾಮಾನ್ಯವಾಗಿ ಗ್ಯಾಸ್ ಉರಿಸುತ್ತೆ, ಫ್ಯಾನು ಆ ಬಿಸಿಗಾಳೀನ ಡಕ್ಟಲ್ಲಿ, ಅಂದ್ರೆ ಗಾಳಿ ಹೋಗೋ ಕೊಳವೇಲಿ, ತಳ್ಳುತ್ತೆ. ಅದ್ರೊಳಗೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇದೆ, ಅಲ್ಲಿನ 120 ವೋಲ್ಟನ್ನ 24 ವೋಲ್ಟಿಗೆ ಇಳಿಸುತ್ತೆ. ಗೋಡೆ ಮೇಲೆ ಬಂದಿರೋದು ಆ 24 ವೋಲ್ಟೇ. ಥರ್ಮೋಸ್ಟಾಟ್ ಅನ್ನೋದು ಕಾಲಿಂಗ್ ಬೆಲ್ ಸ್ವಿಚ್ ಇದ್ದಂಗೆ ಅಷ್ಟೇ, "ಕೆಳಗಿನವ್ರೇ, ಚಳಿ ಆಗ್ತಿದೆ, ಉರಿ ಹಾಕಿ" ಅಂತ ಬೆಲ್ ಒತ್ತುತ್ತೆ, ಸಾಕಾದ್ಮೇಲೆ ಕೈ ತೆಗೆಯುತ್ತೆ.

ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ. ಒಳಗಿರೋದು ಬೆಂಕಿಕಡ್ಡಿಗಿಂತ ತೆಳ್ಳಗಿರೋ ವೈರುಗಳಾದ್ರೆ ಸರಿ. ಎರಡೋ ನಾಲ್ಕೋ ದಪ್ಪ ವೈರು, ತುದೀಲಿ ಪ್ಲಾಸ್ಟಿಕ್ ಟೋಪಿ ಹಾಕಿ ತಿರುಚಿದ್ದು ಕಂಡ್ರೆ ಅದು ಗೋಡೆ ಬುಡದಲ್ಲಿರೋ ಕರೆಂಟ್ ಹೀಟರಿನ ನೇರ ಲೈನು, 120 ಅಥವಾ 240 ವೋಲ್ಟು, ಅದನ್ನ ಮುಟ್ಬೇಡಿ, ಅದಕ್ಕೆ ಬರೋ ಥರ್ಮೋಸ್ಟಾಟೇ ಬೇರೆ. ನಿಮ್ಮದು ತೆಳು ಅಂತ ನೀವೇ ಬರ್ದಿದೀರಿ, ಮುಂದಕ್ಕೆ ಹೋಗೋಣ.

ಆ ಹಳೇ ದುಂಡಗಿನದ್ದು ಇದ್ಯಲ್ಲ, ಅದನ್ನ ಬಿಸಾಕೋ ಮುಂಚೆ ಐದು ನಿಮಿಷ ಕೂತು ನೋಡಿ, ನಿಮಗೆ ಖುಷಿ ಆಗುತ್ತೆ. ಒಳಗೆ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಟ್ಟ ಪಟ್ಟಿ ಇರುತ್ತೆ, ಎರಡು ಲೋಹ ಬೆಸೆದಿದ್ದು. ನೀವು ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ಹೇಳ್ಕೊಟ್ಟಿರ್ತೀರಲ್ಲ, ಒಂದು ಲೋಹ ಜಾಸ್ತಿ ಹಿಗ್ಗುತ್ತೆ ಇನ್ನೊಂದು ಕಮ್ಮಿ ಅಂತ, ಅದೇ. ಅದ್ರ ತುದೀಲಿ ಒಂದು ಗಾಜಿನ ಸಣ್ಣ ಬುರುಡೆ, ಅದ್ರಲ್ಲಿ ಪಾದರಸದ ಒಂದು ಹನಿ. ಚಳಿಗೆ ಸುರುಳಿ ತಿರುಗಿ ಬುರುಡೆ ವಾಲುತ್ತೆ, ಪಾದರಸ ಜಾರಿ ಬಂದು ಎರಡು ತಂತಿ ಮುಟ್ಟಿಸುತ್ತೆ, ಕೆಳಗೆ ಫರ್ನೇಸ್ ಹೊತ್ಕೊಳ್ಳುತ್ತೆ. ಬೆರಳಲ್ಲಿ ಡಯಲ್ ತಿರುಗಿಸಿದ್ರೆ ಹನಿ ಓಡಾಡೋದು ಕಾಣುತ್ತೆ. ಪಾದರಸ ಇರೋದ್ರಿಂದ ಮನೆ ಕಸಕ್ಕೆ ಹಾಕೋ ಹಾಗಿಲ್ಲ, ಅಪಾಯದ ಕಸ ತಗೊಳ್ಳೋ ಜಾಗ ಅಲ್ಲಿ ಇರುತ್ತೆ, ಮಗಳಿಗೆ ಹೇಳಿ, ಬುರುಡೆ ಒಡೀದಂಗೆ ಇಟ್ಕೊಂಡು ಹೋಗ್ಲಿ. ಅಂದಹಾಗೆ ಈ ಥರ್ಮೋಸ್ಟಾಟ್ ಕಥೇಲೂ ಒಬ್ಬ ಮೇಷ್ಟ್ರಿದಾರೆ. ನೀವಿರೋ ಮಿನೆಸೋಟದ ಪಕ್ಕದ ವಿಸ್ಕಾನ್ಸಿನ್‌ನಲ್ಲಿ ವಾರೆನ್ ಜಾನ್ಸನ್ ಅನ್ನೋರು ಪಾಠ ಮಾಡ್ತಿದ್ರು, ಕ್ಲಾಸು ನಡೀವಾಗ ಜವಾನ ಬಂದು ರೂಮು ಬೆಚ್ಚಗಿದ್ಯಾ ಅಂತ ನೋಡ್ಕೊಂಡು ಹೋಗ್ಬೇಕಿತ್ತಂತೆ, ಆ ಕಾಟ ತಪ್ಪಿಸೋಕೆ ಕರೆಂಟಿನ ಥರ್ಮೋಸ್ಟಾಟ್ ಮಾಡಿ 1883ರಲ್ಲಿ ಪೇಟೆಂಟ್ ತಗೊಂಡ್ರು.

ಈಗ ಕೆಲ್ಸ. ಮೊದ್ಲು ಬ್ರೇಕರ್ ಆಫ್ ಮಾಡಿ, ಫರ್ನೇಸ್ ಪಕ್ಕದಲ್ಲೂ ಲೈಟ್ ಸ್ವಿಚ್ ಥರದ್ದೊಂದು ಇರುತ್ತೆ, ಅದನ್ನೂ ಆಫ್ ಮಾಡಿ. 24 ವೋಲ್ಟು ತಾನೇ, ಏನಾಗುತ್ತೆ ಅಂತ ಬಿಡ್ಬೇಡಿ. ಬಿಟ್ಟವನು ನಾನೇ, ಅದಕ್ಕೇ ಹೇಳ್ತಿದೀನಿ. ತಂಗಿ ಮನೆಗೆ ಅಂತ ಅಮೆರಿಕಕ್ಕೆ ಹೋದಾಗ ಇಡೀ ಜನ್ಮ 230 ವೋಲ್ಟಲ್ಲಿ ಆಡಿದವನು ನಾನು, ಇದ್ಯಾವ ಲೆಕ್ಕ ಅಂತ ಆಫ್ ಮಾಡದೇ ಸ್ಕ್ರೂ ಬಿಚ್ಚಿದೆ, ಎರಡು ವೈರು ಒಂದಕ್ಕೊಂದು ಚಿಟ್ ಅಂತ ತಾಗಿದ್ವು, ಶಾಕ್ ಇಲ್ಲ ಏನಿಲ್ಲ, ಆದ್ರೆ ಕೆಳಗೆ ಫರ್ನೇಸ್ ಬೋರ್ಡಲ್ಲಿ ಕಾರಿಗೆ ಹಾಕೋ ಥರದ ಸಣ್ಣ ಫ್ಯೂಸು ಹೋಯ್ತು, ಅದು ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿಲ್ಲ, ರಾತ್ರಿಯಿಡೀ ಮನೆಮಂದಿಯೆಲ್ಲ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಮಲಗಿದ್ವಿ. ಬಾವ ಇವತ್ತಿಗೂ ನಾನು ಸ್ಕ್ರೂಡ್ರೈವರ್ ಮುಟ್ಟಿದ್ರೆ ನಗ್ತಾರೆ.

ಆಫ್ ಆದ್ಮೇಲೆ ವೈರುಗಳ ಫೋಟೋ ತೆಗೀರಿ, ಅಕ್ಷರ ಕಾಣ್ಬೇಕು. ಬಣ್ಣ ನಂಬ್ಬೇಡಿ, ಯಾವ ಬಣ್ಣ ಯಾವ ಅಕ್ಷರದ ಕೆಳಗಿದೆ ಅನ್ನೋದೇ ಮುಖ್ಯ. ಆರ್ ಅಂದ್ರೆ 24 ವೋಲ್ಟು ಬರೋ ತಂತಿ, ಡಬ್ಲ್ಯೂ ಬಿಸಿಗೆ, ವೈ ಬೇಸಿಗೆಯ ಏಸಿಗೆ, ಜಿ ಫ್ಯಾನಿಗೆ. ನಿಮ್ಮ ನಾಲ್ಕು ಇವೇ ಇರ್ಬೇಕು. ಐದನೇದು ಸಿ, ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗೋದು. ಹೊಸ ಡಬ್ಬಿ ಬರೀ ಡಬಲ್ ಎ ಬ್ಯಾಟರಿ ಮೇಲೆ ನಡೆಯೋದಾದ್ರೆ ಸಿ ಬೇಡ. ವೈಫೈದಾದ್ರೆ ಬಹುಪಾಲು ಬೇಕಾಗುತ್ತೆ, ಆಗ ಗೋಡೆ ತೂತಲ್ಲಿ ಬೆರಳಿಟ್ಟು ನೋಡಿ, ಎಷ್ಟೋ ಮನೇಲಿ ಐದನೇ ವೈರು ಉಪಯೋಗಿಸದೇ ಹಿಂದಕ್ಕೆ ಮಡಚಿಟ್ಟಿರ್ತಾರೆ. ಹಾಗೆ ಇದ್ರೆ ಅದ್ರ ಇನ್ನೊಂದು ತುದೀನ ಫರ್ನೇಸಲ್ಲೂ ಸಿ ಗೆ ಸೇರಿಸ್ಬೇಕು. ಓ ಅಥವಾ ಬಿ ಅಂತ ಅಕ್ಷರ ಕಂಡ್ರೆ ಅದು ಹೀಟ್ ಪಂಪು, ಅಂದ್ರೆ ಏಸೀನೇ ಉಲ್ಟಾ ಓಡಿಸಿ ಮನೆ ಬಿಸಿ ಮಾಡೋದು, ಸೆಟ್ಟಿಂಗೇ ಬೇರೆ, ಆಗ ಅಳಿಯಂದ್ರಿಗೆ ಕಾಯಿರಿ. ಡಬ್ಬೀಲಿ ಅಕ್ಷರ ಬರೆದ ಚೀಟಿ ಕೊಟ್ಟಿರ್ತಾರೆ, ಒಂದೊಂದು ವೈರಿಗೂ ಅಂಟಿಸಿ. ಬಿಚ್ಚಿದ ವೈರುಗಳನ್ನ ಒಂದು ಪೆನ್ಸಿಲ್ಲಿಗೆ ಸುತ್ತಿ ಬಿಡಿ, ಇಲ್ದಿದ್ರೆ ಗೋಡೆಯೊಳಗೆ ಜಾರಿಹೋಗಿ ಕಡ್ಡಿ ಹಾಕಿ ಎಳೀಬೇಕಾಗುತ್ತೆ.

ಅಲ್ಲಿನ ಗೋಡೆ ನಮ್ಮ ಜಂಬಿಟ್ಟಿಗೆ ಗೋಡೆ ಅಲ್ಲ, ಮರದ ಚೌಕಟ್ಟು, ಎರಡೂ ಕಡೆ ಜಿಪ್ಸಂ ಹಲಗೆ, ಮಧ್ಯ ಪೊಳ್ಳು. ವೈರು ಬರೋ ತೂತಲ್ಲಿ ತಣ್ಣನೆ ಗಾಳಿ ಬಂದು ಸೆನ್ಸರಿಗೆ ಬಡಿದ್ರೆ, ಮನೆಯೆಲ್ಲ ಬೆಚ್ಚಗಿದ್ರೂ ಇದು ಚಳಿ ಚಳಿ ಅಂತ ಬೆಲ್ ಒತ್ತುತ್ತಲೇ ಇರುತ್ತೆ. ಪುಟ್ಟಿ ಹಾಕಿ ತೂತು ಮುಚ್ಚಿ. ಜಾಗ ಬದಲಾಯಿಸೋದಾದ್ರೆ ಒಳಗಿನ ಗೋಡೆ, ನೆಲದಿಂದ ಐದಡಿ, ಬಿಸಿಲು ಕಿಟಕಿ ಅಡುಗೆಮನೆ ಬಿಸಿಗಾಳಿ ಕಿಂಡಿ ಯಾವ್ದೂ ಹತ್ರ ಇರ್ಬಾರ್ದು.

ಪ್ರೋಗ್ರಾಮು ಸುಲಭ, ಆದ್ರೆ ನಿಮ್ಮ ಕೇಸಲ್ಲಿ ಒಂದು ಸೂಕ್ಷ್ಮ ಇದೆ. ದಿನಾನ ನಾಲ್ಕು ಭಾಗ ಮಾಡಿರ್ತಾರೆ, ಏಳೋದು, ಹೊರಡೋದು, ವಾಪಸ್ ಬರೋದು, ಮಲಗೋದು. ಕಂಪನಿಯವ್ರು ಹಾಕಿಟ್ಟ ಲೆಕ್ಕದಲ್ಲಿ ಬೆಳಿಗ್ಗೆ ಎಂಟಕ್ಕೆ ಎಲ್ರೂ ಹೊರಟ್ರು, ಸಂಜೆವರೆಗೆ ಮನೆ ಖಾಲಿ, ಹಾಗಾಗಿ ಬಿಸಿ ಕಮ್ಮಿ. ಈಗ ಆ ಮನೇಲಿ ಹಗಲೆಲ್ಲ ನೀವಿಬ್ರು ಇದೀರಲ್ಲ! ಅಳಿಯ ಅದನ್ನೇ ಒಪ್ಕೊಂಡು ಬಿಟ್ರೆ ನೀವು ಶಾಲು ಹೊದ್ದು ಕೂತ್ಕೊಂಡು "ಇಲ್ಲಪ್ಪ, ಬೆಚ್ಚಗೇ ಇದೆ" ಅಂತೀರಿ, ನಮ್ಮ ಕಡೆ ಹಿರಿಯರು ಯಾರ ಮನೇಲಿ ಏನು ಕೇಳಿದ್ದಾರೆ ಹೇಳಿ. ಅದಕ್ಕೇ ಹೊರಡೋದು ಅನ್ನೋ ಭಾಗಕ್ಕೂ ಹಗಲಿನ 68 ಫ್ಯಾರನ್‌ಹೀಟನ್ನೇ ಕೊಡಿ, ಅಂದ್ರೆ ನಮ್ಮ 20 ಡಿಗ್ರಿ. ನೀವು ಊರಿಗೆ ಹೊರಟ ದಿನ ಅವ್ರು ಬದಲಾಯಿಸ್ಕೊಳ್ಲಿ. ರಾತ್ರಿ ರಜಾಯಿ ಒಳಗೆ 60, 61 ಸಾಕು. ದಿನಕ್ಕೆ ಎಂಟು ಗಂಟೆ ಹೀಗೆ 7ರಿಂದ 10 ಫ್ಯಾರನ್‌ಹೀಟ್ ಇಳಿಸಿದ್ರೆ ವರ್ಷದ ಖರ್ಚಲ್ಲಿ ನೂರಕ್ಕೆ ಹತ್ತರವರೆಗೆ ಉಳೀಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತೆ. ಮಧ್ಯದಲ್ಲಿ ಚಳಿ ಅನ್ನಿಸಿ ಬಾಣದ ಗುಂಡಿ ಒತ್ತಿದ್ರೆ ಆ ಭಾಗ ಮುಗಿಯೋವರೆಗೆ ಮಾತ್ರ ನಿಲ್ಲುತ್ತೆ, ಹೋಲ್ಡ್ ಒತ್ತಿದ್ರೆ ನೀವು ಬಿಡಿಸೋವರೆಗೂ. ಮತ್ತೆ 80ಕ್ಕೆ ಇಟ್ರೆ ಬೇಗ ಬಿಸಿ ಆಗಲ್ಲ, ಫರ್ನೇಸ್ ಅದ್ರ ವೇಗದಲ್ಲೇ ಉರಿಯುತ್ತೆ, ನಿಲ್ಸೋದು ಮಾತ್ರ ತಡ ಮಾಡುತ್ತೆ. ಹಾಕಿದ ಮೇಲೆ ಹೀಟ್ ಮಾತ್ರ ಪರೀಕ್ಷೆ ಮಾಡಿ, ಆ ಹಿಮದಲ್ಲಿ ಕೂಲ್ ಒತ್ತಿ ಹೊರಗಿನ ಕಂಪ್ರೆಸರ್ ಓಡಿಸ್ಬೇಡಿ, ಅದು ಬೇಸಿಗೆಗೆ.

ಪ್ರಶ್ನೆ: ಸಾಗರದಿಂದ ಬರೀತಿದೀನಿ. ಭಾವನ ಮಗ ಅಮೆರಿಕದಿಂದ ಬರೋವಾಗ ತನ್ನ ಮನೇಲಿ ತೆಗೆದಿಟ್ಟ ಪ್ರೋಗ್ರಾಮ್ ಥರ್ಮೋಸ್ಟಾಟ್ ತಂದ್ಕೊಟ್ಟಿದಾನೆ, ಚೆನ್ನಾಗಿದೆ. ನಮ್ಮ ಗೀಸರಿಗೆ ಹಾಕಿಸಿದ್ರೆ ಬೆಳಿಗ್ಗೆ ತಾನೇ ಆನ್ ಆಗುತ್ತಲ್ವಾ?

ಉತ್ತರ: ಬೇಡ ಅಕ್ಕಾ. ಮೇಲೆ ಮೇಷ್ಟ್ರಿಗೆ ಹೇಳಿದ್ದು ಓದಿ, ಅದು 24 ವೋಲ್ಟಿನ ಬೆಲ್ ಸ್ವಿಚ್ಚು. ನಮ್ಮ 230 ವೋಲ್ಟು ಕೊಟ್ಟ ಕೂಡ್ಲೇ ಸುಟ್ಟ ವಾಸನೆ ಬರುತ್ತೆ, ಗ್ರಹಚಾರ ಕೆಟ್ರೆ ಬೆಂಕಿ. ಅದೂ ಅಲ್ದೆ ಅದು ಅಳೆಯೋದು ರೂಮಿನ ಗಾಳಿ ಬಿಸೀನ, ನೀರಿನದ್ದಲ್ಲ. ನೀರಿಗೆ ಬೇಕಾದ ಥರ್ಮೋಸ್ಟಾಟು ಗೀಸರ್ ಹೊಟ್ಟೆಯೊಳಗೇ ಇದೆ. ನಿಮಗೆ ಬೇಕಿರೋದು ಟೈಮರ್, ಮುಂದಿನ ಉತ್ತರ ನೋಡಿ. ಅದನ್ನ ಶೋಕೇಸಲ್ಲಿ ಇಡಿ, ಹುಡುಗ ಬಂದಾಗ ಕಾಣೋ ಹಾಗೆ.

ಪ್ರಶ್ನೆ: ಆಗುಂಬೆ ಹತ್ರ ನಮ್ಮದೊಂದು ಸಣ್ಣ ಹೋಮ್‌ಸ್ಟೇ. ಆರು ರೂಮು, ಒಂದೊಂದರಲ್ಲೂ 15 ಲೀಟರ್ ಗೀಸರ್. ಗೆಸ್ಟ್‌ಗಳು ಬೆಳಿಗ್ಗೆ ಆನ್ ಮಾಡಿದ್ರೆ ಸಂಜೆ ಜಲಪಾತ ನೋಡಿ ಬರೋವರೆಗೂ ಹಾಗೇ. ಹೋದ್ವರ್ಷ ಪ್ಲಗ್‌ಗೆ ಹಾಕೋ ಟೈಮರ್ ತಂದೆ, ಎರಡು ಕರಗಿದ್ವು, ಇನ್ನೊಂದು ಮಧ್ಯರಾತ್ರಿ ಆನ್ ಆಗುತ್ತೆ. ಏನ್ಮಾಡ್ಲಿ ಮಾರಾಯ್ರೆ?

ಉತ್ತರ: ಕರಗಿದ್ದಕ್ಕೆ ಕಾರಣ ಲೋಡು. 2000 ವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತೆ, 3000 ವ್ಯಾಟಿಂದು 13. ಡಬ್ಬಿ ಮೇಲೆ 10 ಅಂತ ಬರೆದ ಟೈಮರ್ ಮೇಲೆ ದಿನಾ ಅಷ್ಟು ಹೇರಿದ್ರೆ ಎಷ್ಟು ದಿನ ತಾಳುತ್ತೆ, ಪಿನ್ನು ಸಡಿಲ ಇದ್ರಂತೂ ಮುಗೀತು. ಮನೆಗೆಲ್ಲ ಕರೆಂಟ್ ಹಂಚೋ ಡಿಬಿ ಬಾಕ್ಸಲ್ಲಿ, ಲೋಡ್ ಜಾಸ್ತಿ ಆದ್ರೆ ಕಡಿಯೋ ಎಂಸಿಬಿ ಪಕ್ಕ ಕೂರೋ ಡಿಜಿಟಲ್ ಟೈಮರ್ ಸಿಗುತ್ತೆ, ಅದು ಕಾಂಟ್ಯಾಕ್ಟರಿಗೆ (ಜಾಸ್ತಿ ಕರೆಂಟ್ ತಾಳೋ ದೊಡ್ಡ ಸ್ವಿಚ್ಚು) ಹೇಳ್ಬೇಕು, ಗೀಸರಿನ ಭಾರ ಕಾಂಟ್ಯಾಕ್ಟರ್ ಹೊರ್ಬೇಕು. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ, ಕರೆಂಟ್ ಸೋರಿದ್ರೆ ಕಡಿಯೋ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದ್ಯಾ, ಅರ್ಥಿಂಗ್ ಸರಿ ಇದ್ಯಾ ಅಂತಲೂ ಅವತ್ತೇ ನೋಡಿಸ್ಬಿಡಿ, ಬಚ್ಚಲಲ್ಲಿ ನೆಂದ ಕೈಯಿ.

ಮಧ್ಯರಾತ್ರಿ ಆನ್ ಆಗೋದು ದೆವ್ವ ಅಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗೆಲ್ಲ ಆ ಮುಳ್ಳಿನ ಟೈಮರ್ ಗಡಿಯಾರವೂ ನಿಂತಿರುತ್ತೆ, ಆರು ಗಂಟೆ ಕರೆಂಟ್ ಇಲ್ದಿದ್ರೆ ಆರು ಗಂಟೆ ಹಿಂದೆ. ತಗೊಳ್ಳೋವಾಗ ಕರೆಂಟ್ ಇಲ್ದಿದ್ರೂ ಟೈಮ್ ಉಳ್ಕೊಳ್ಳೋಕೆ ಒಳಗೆ ಬ್ಯಾಟರಿ ಇದ್ಯಾ ಅಂತ ಕೇಳಿ ತಗೊಳ್ಳಿ. ಸಿಡಿಲಿನ ಊರು ನಿಮ್ಮದು, ಡಿಬೀಲಿ ಸಿಡಿಲಿಗೆ ಒಮ್ಮೆಲೇ ನುಗ್ಗೋ ಕರೆಂಟ್ ತಡೆಯೋ ಎಸ್‌ಪಿಡಿ ಹಾಕಿಸಿ, ಬಾಕ್ಸಿನ ತೂತುಗಳನ್ನೂ ಮುಚ್ಚಿಸಿ, ಇಲ್ಲಾಂದ್ರೆ ಇರುವೆ ಸೇರ್ಕೊಂಡು ಕಾಂಟ್ಯಾಕ್ಟ್ ಮಧ್ಯ ಸತ್ತು ಬೀಳುತ್ವೆ, ನಮ್ಮ ಕಡೆ ಅರ್ಧ ರಿಪೇರಿ ಇರುವೆದೇ.

ಇಷ್ಟೆಲ್ಲ ಖರ್ಚು ಮಾಡೋ ಮುಂಚೆ ಲೆಕ್ಕ ಒಂದು ನೋಡಿ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರೋಕೆ 0.7 ಯೂನಿಟ್, 2000 ವ್ಯಾಟಲ್ಲಿ ಇಪ್ಪತ್ತೊಂದು ನಿಮಿಷ. ಆಮೇಲೆ ಗೀಸರಿನ ಥರ್ಮೋಸ್ಟಾಟು ತಾನೇ ಕಡಿಯುತ್ತೆ, ಆರಿದಾಗ ಮಾತ್ರ ಸ್ವಲ್ಪ ಸ್ವಲ್ಪ ಎಳೆಯುತ್ತೆ. ಹಾಗಾಗಿ ನೀವು ಅಂದ್ಕೊಂಡಷ್ಟು ಹಗಲೆಲ್ಲ ಉರೀತಿಲ್ಲ. ಬೆಳಿಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಇಟ್ರೆ ಸಾಕು. ನಿಮ್ಮ ಅಡಿಕೆ ಸಿಪ್ಪೆ ಉರಿಸಿ ಹಂಡೆ ಕಾಯಿಸಿ ಒಂದು ಬಕೆಟ್ ಕೊಡಿ, ಬೆಂಗಳೂರಿನವ್ರು ಅದಕ್ಕೇ ಜಾಸ್ತಿ ದುಡ್ಡು ಕೊಟ್ಟಾರು, ಇದು ನನ್ನ ಸ್ವಂತ ಅಭಿಪ್ರಾಯ.

ಪ್ರಶ್ನೆ: ಹೊಸನಗರದಿಂದ. ನಾಟಿಕೋಳಿ ಮೊಟ್ಟೆಗೆ ಥರ್ಮಾಕೋಲ್ ಪೆಟ್ಟಿಗೇಲಿ ಇನ್‌ಕ್ಯುಬೇಟರ್ ಮಾಡಿದೀನಿ, ಬಲ್ಬು, ಸಣ್ಣ ಫ್ಯಾನು, ಬಿಸಿ ನೋಡಿ ಬಲ್ಬು ಹತ್ತಿಸಿ ಆರಿಸೋ ಎಸ್‌ಟಿಸಿ 1000 ಕಂಟ್ರೋಲರ್. 37.5ಕ್ಕೆ ಇಟ್ಟಿದ್ರೂ 35.5ಕ್ಕೆ ಇಳಿದ್ಮೇಲೇ ಬಲ್ಬು ಹತ್ತೋದು. ಮೊದಲನೇ ಸಲ ಒಂದೂ ಮರಿ ಆಗ್ಲಿಲ್ಲ.

ಉತ್ತರ: ಕಂಟ್ರೋಲರಿನ ಸೆಟ್ಟಿಂಗಲ್ಲಿ ಎಫ್2 ಅನ್ನೋದ್ರಲ್ಲಿ 2 ಅಂತ ಇದೆ ನೋಡಿ, ಅದು ಎಷ್ಟು ಇಳಿದ್ಮೇಲೆ ಆನ್ ಆಗ್ಬೇಕು ಅನ್ನೋ ಅಂತರ. 0.3 ಅಥವಾ 0.5 ಮಾಡಿ. ಸೆನ್ಸರ್ ಮೊಟ್ಟೆಯ ಎತ್ತರದಲ್ಲಿ ಇರ್ಲಿ, ಬಲ್ಬಿನ ಬೆಳಕು ನೇರ ಬೀಳ್ಬಾರ್ದು. ಪಕ್ಕದಲ್ಲಿ ಜ್ವರದ ಥರ್ಮಾಮೀಟರ್ ಇಟ್ಟು ಹೋಲಿಸಿ, ವ್ಯತ್ಯಾಸ ಇದ್ರೆ ಎಫ್4ನಲ್ಲಿ ಸರಿ ಮಾಡಿ. 21 ದಿನದ ಕೆಲ್ಸ, 18ರ ಮೇಲೆ ಮೊಟ್ಟೆ ತಿರುಗಿಸ್ಬೇಡಿ. ಇನ್ವರ್ಟರ್ ಲೈನಿಗೆ ಹಾಕಿ, ಟಿವಿ ನಿಂತ್ರೂ ಪರ್ವಾಗಿಲ್ಲ.

ಪ್ರಶ್ನೆ: ಶಿವಮೊಗ್ಗ ವಿನೋಬನಗರ. ಏಸಿ 16ಕ್ಕೆ ಇಟ್ರೆ ರೂಮು ಬೇಗ ತಣ್ಣಗಾಗುತ್ತೆ ಅಂತ ಇವ್ರು, ಇಲ್ಲ ಅಂತ ನಾನು. ಯಾರು ಸರಿ? ರಿಮೋಟ್ ಯಾರ ಹತ್ರ ಇರ್ಬೇಕು?

ಉತ್ತರ: ಮಾಮೂಲಿ ಏಸಿ ಆದ್ರೆ ನೀವೇ ಸರಿ, ಮೇಷ್ಟ್ರ ಫರ್ನೇಸಿನ ಕಥೇನೇ ಇದೂ. ಬೇಕಾದಂಗೆ ವೇಗ ಬದಲಾಯಿಸ್ಕೊಳ್ಳೋ ಇನ್ವರ್ಟರ್ ಏಸಿ ಆದ್ರೆ ಶುರುವಲ್ಲಿ ಚೂರು ಜೋರಾಗಿ ಓಡೀತು, ಅವ್ರಿಗೂ ಕಾಲು ಮಾರ್ಕ್ ಕೊಡೋಣ. 2020ರ ಜನವರಿ 1ರಿಂದ ಸ್ಟಾರ್ ಇರೋ ರೂಮ್ ಏಸಿಗಳು 24ಕ್ಕೇ ಶುರುವಾಗೋ ಹಾಗೆ ಮಾಡಿದಾರೆ, ಅಲ್ಲೇ ಬಿಟ್ಟು ಫ್ಯಾನ್ ಹಾಕಿ. ರಿಮೋಟಿನ ಪ್ರಶ್ನೆ ಕರೆಂಟಿಗೆ ಸಂಬಂಧಪಟ್ಟಿದ್ದಲ್ಲ, ಅದಕ್ಕೆ ಕೈ ಹಾಕೋ ಧೈರ್ಯ ನಂಗಿಲ್ಲ.