ಲೆಪ್ಟೋಕ್ವಾರ್ಕ್ ಕಥೆ ಇನ್ನೂ ಮುಗಿದಿಲ್ಲ

2022ರ ಎಲ್‌ಎಚ್‌ಸಿಬಿ (ಸರ್ನ್‌ನ ಕಣ ಡಿಕ್ಕಿ ಪ್ರಯೋಗ) ಫಲಿತಾಂಶ ಬಂದ ಮೇಲೆ ಲೆಪ್ಟೋಕ್ವಾರ್ಕ್ (ಕ್ವಾರ್ಕ್‌ಗಳನ್ನೂ ಎಲೆಕ್ಟ್ರಾನ್‌ನಂಥ ಲೆಪ್ಟಾನ್‌ಗಳನ್ನೂ ಬೆಸೆಯುವ, ಇನ್ನೂ ಕಾಣದ ಊಹೆಯ ಕಣ) ಮಾದರಿಗಳ ಕಥೆ ಮುಗೀತಾ ಅಂತ ಕೇಳಿದ್ದೀರಿ. ಇಲ್ಲ. ಬಿ ಮೆಸಾನ್ (ಬಾಟಮ್ ಕ್ವಾರ್ಕ್ ಇರುವ ಕಣ) ಹಗುರವಾದ ಕೆಯಾನ್ ಕಣವಾಗಿ ಒಡೆಯುವಾಗ ಮ್ಯೂಯಾನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಭಾರದ ಕಣ) ಜೋಡಿಗಳೂ ಎಲೆಕ್ಟ್ರಾನ್ ಜೋಡಿಗಳೂ ಹೆಚ್ಚುಕಡಿಮೆ ಸಮನಾಗಿಯೇ ಬರುತ್ತವೆ ಅಂತ ಆಗ ಗೊತ್ತಾಯಿತು. ಮೊದಲು ಮ್ಯೂಯಾನ್ ಜೋಡಿ ಕಮ್ಮಿ ಕಂಡಿದ್ದವು, ಯಾಕೆಂದರೆ ಬೇರೆ ಕೆಲವು ಕಣಗಳೂ ಎಲೆಕ್ಟ್ರಾನ್ ಲೆಕ್ಕಕ್ಕೆ ಸೇರಿಬಿಟ್ಟಿದ್ದವು. ಹಾಗಾಗಿ ಮ್ಯೂಯಾನ್‌ಗೆ ಮಾತ್ರ ಒಲಿಯುವ ಲೆಪ್ಟೋಕ್ವಾರ್ಕ್‌ಗೆ ಈಗ ಆಧಾರ ಕಮ್ಮಿ.

ಆದರೆ ಟೌ (ಎಲೆಕ್ಟ್ರಾನ್ ಮನೆತನದ ಅತಿ ಭಾರದ ಕಣ) ಕಡೆ ನೋಡಿ. ಬಾಟಮ್ ಕ್ವಾರ್ಕ್ ಚಾರ್ಮ್ ಆಗುವಾಗ ಟೌ ನಿರೀಕ್ಷೆಗಿಂತ ಜಾಸ್ತಿ ಸಿಗುತ್ತಿದೆ, ವ್ಯತ್ಯಾಸ ಸುಮಾರು 3 ಸಿಗ್ಮಾ (ಸಿಗ್ಮಾ ಜಾಸ್ತಿಯಾದಷ್ಟೂ ಅದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಮ್ಮಿ). ಮೂರನೇ ತಲೆಮಾರಿನ (ಬಾಟಮ್, ಟೌಗಳಂಥ ಅತಿ ಭಾರದ) ಕಣಗಳ ಜೊತೆ ಗಟ್ಟಿಯಾಗಿ ಬೆಸೆಯುವ ಲೆಪ್ಟೋಕ್ವಾರ್ಕ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. 2023ರಲ್ಲಿ ಜಪಾನಿನ ಬೆಲ್ 2 ಪ್ರಯೋಗ ಕೆಯಾನ್ ಜೊತೆ ಎರಡು ನ್ಯೂಟ್ರಿನೊ ಬರುವ ಒಡೆಯುವಿಕೆಯನ್ನೂ ಲೆಕ್ಕಕ್ಕಿಂತ ಹೆಚ್ಚೇ ಕಂಡಿತು, 2.7 ಸಿಗ್ಮಾದಷ್ಟು. ನಾನಂತೂ ಕಾಯುತ್ತಿರುವುದು ಕೆಯಾನ್ ಜೊತೆ ಎರಡು ಟೌ ಬರುವುದಕ್ಕೆ. ಅದು ಇನ್ನೂ ಕಂಡಿಲ್ಲ, ಆದರೆ ಇಂಥ ಕೆಲವು ಮಾದರಿಗಳಲ್ಲಿ ಅದು ನಿರೀಕ್ಷೆಗಿಂತ ನೂರು ಪಟ್ಟಿಗಿಂತಲೂ ಜಾಸ್ತಿ ಆಗಬಹುದು.