ಪ್ರತಿಕ್ರಿಯೆ: ಸುರಂಗದೊಳಗಿನ ರೋವರ್‌ಗೆ ಕಂಪನ ಸಾಕೇ, ಬಲವೂ ಬೇಕೇ?

ಬೀದರ್ ನೌಬಾದಿನ ಸುರಂಗ ಬಾವಿಯಂಥ (ನೆಲದಡಿಯ ಹಳೆಯ ನೀರಿನ ಕಾಲುವೆ) ಇಕ್ಕಟ್ಟಿನಲ್ಲಿ ನಾಲ್ಕು ಚಕ್ರದ ರೋವರ್ ಓಡಿಸಬೇಕು, ಚಕ್ರ ಕೆಸರಲ್ಲಿ ಹೂತದ್ದು ಕ್ಯಾಮೆರಾದಲ್ಲಿ ತಿಳಿಯಲ್ಲ, ಜಾಯ್‌ಸ್ಟಿಕ್ಕೇ ಕೈಯನ್ನು ತಿರುಗಿ ಒತ್ತುವಂತೆ ಮಾಡಲೇ, ಬರೀ ಕಂಪನ ಸಾಕೇ ಅಂತ ಕೇಳೀರಿ. ಮೊದಲು ಕಂಪನವನ್ನೇ ಮಾಡ್ರಿ.

ಕಾರಣ ವಿಳಂಬ, ಅಂದರೆ ರೋವರ್‌ನ ಸಂಕೇತ ನಿಮ್ಮ ಕೈಗೆ ಬರಲು ಹಿಡಿಯುವ ಹೊತ್ತು. ಗೋಡೆ ತಾಗಿದ ಒತ್ತು ನೀವು ಕೈ ಹಿಂದೆಗೆದ ಮೇಲೆ ಬಂದು ಮುಟ್ಟುತ್ತದೆ. ನೀವು ಮತ್ತೆ ತಳ್ಳುತ್ತೀರಿ, ಅದು ಮತ್ತೆ ಒದೆಯುತ್ತದೆ, ಇಡೀ ವ್ಯವಸ್ಥೆ ಹೊಯ್ದಾಡತೊಡಗುತ್ತದೆ. ಇದಕ್ಕೆ 1989ರಲ್ಲೇ ಆಂಡರ್ಸನ್ ಮತ್ತು ಸ್ಪಾಂಗ್ ಎಂಬ ಸಂಶೋಧಕರು ದಾರಿ ತೋರಿಸಿದ್ದಾರೆ, ಆದರೆ ಮೊದಲ ಪ್ರಾಜೆಕ್ಟ್‌ಗೆ ಅದು ತಲೆನೋವು. ಕಂಪನ ಕೈಯನ್ನು ತಳ್ಳುವುದಿಲ್ಲ, ಹಾಗಾಗಿ ತಡವಾದರೂ ಆ ಹೊಯ್ದಾಟ ಹುಟ್ಟುವುದಿಲ್ಲ.

ಯಾವುದಕ್ಕೆ ಕಂಪಿಸಬೇಕು ಅನ್ನೋದೇ ಅಸಲಿ ಪ್ರಶ್ನೆ. ಚಕ್ರ ತಿರುಗುತ್ತಿದೆ ಅಂತ ಅದರ ಸುತ್ತು ಅಳೆಯುವ ಎನ್‌ಕೋಡರ್ ಹೇಳುತ್ತದೆ, ಗಾಡಿ ಕದಲಿಲ್ಲ ಅಂತ ನೆಲ ನೋಡುವ ಆಪ್ಟಿಕಲ್ ಫ್ಲೋ ಸೆನ್ಸರ್ ಹೇಳುತ್ತದೆ (ಕತ್ತಲಲ್ಲಿ ಅದಕ್ಕೊಂದು ಎಲ್‌ಇಡಿ ಬೇಕು). ಆ ವ್ಯತ್ಯಾಸವೇ ಜಾರಿಕೆ. ಮೋಟಾರಿನ ಕರೆಂಟ್ ಏರಿ ಚಕ್ರ ನಿಂತರೆ, ಸಿಕ್ಕಿಕೊಂಡಿದೆ. ಜಾರಿಕೆಗೆ ಬಿಡಿಬಿಡಿ ಮಿಡಿತ, ಸಿಕ್ಕಿಕೊಂಡಾಗ ಉದ್ದನೆಯ ಗುಂಯ್. ಎರಡೇ ಸಾಕು, ಹತ್ತು ಸಂಜ್ಞೆ ಇಟ್ಟರೆ ಗಡಿಬಿಡಿಯಲ್ಲಿ ಒಂದೂ ನೆನಪಿಗೆ ಬರಲ್ಲ.

ಕಂಪನಕ್ಕೆ ಅಗ್ಗದ ನಾಣ್ಯದಾಕಾರದ ಮೋಟಾರ್ ಬೇಡ, ಅದು ನಿಧಾನ ಏಳುತ್ತದೆ, ಸಣ್ಣ ಮಿಡಿತಗಳು ಕಲಸಿಹೋಗುತ್ತವೆ. ಎಲ್‌ಆರ್‌ಎ (ಸ್ಪ್ರಿಂಗಿಗೆ ಕಟ್ಟಿದ ತೂಕವನ್ನು ಹಿಂದೆಮುಂದೆ ಆಡಿಸುವ ಕಂಪಕ) ತಗೊಳ್ರಿ. ಬೆರಳ ತುದಿ ಕಂಪನಕ್ಕೆ ಅತಿ ಸೂಕ್ಷ್ಮವಾಗಿರೋದು 200–300 ಹರ್ಟ್ಜ್ ಆಸುಪಾಸಿನಲ್ಲಿ, ಎಷ್ಟೋ ಎಲ್‌ಆರ್‌ಎಗಳು ಅದರ ಹತ್ತಿರವೇ ಕಂಪಿಸುತ್ತವೆ.

ಜಂಬಿಟ್ಟಿಗೆಯೊಳಗೆ ವೈಫೈ ನಂಬಬೇಡ್ರಿ, ಮೇಲಿನಿಂದ ಸುರಂಗಕ್ಕೆ ಇಳಿಯುವ ಗಾಳಿಬಾವಿಯಿಂದ ಈಥರ್ನೆಟ್ ಕೇಬಲ್ ಇಳಿಸ್ರಿ. ಹಾಂ, ಅದಕ್ಕೂ ಮುಂಚೆ ಅನುಮತಿ ತಗೊಳ್ರಿ.